ಅರ್ಧ ಅಂಕ

ಹತ್ತನೇ ಬಿ. ಮೂವತ್ತೊಂದು ಪೇಪರು.
ಎಂಟನೇ ಪ್ರಶ್ನೆ: ಕೊಟ್ಟ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ.
ಪದ, ಗ್ಲೈಡ್.

ಇಪ್ಪತ್ತಾರು ಮಂದಿ ಗೈಡಿನಿಂದ ಇಳಿಸಿದ್ದಾರೆ,
ಸರೋವರದಲ್ಲಿ ಹಂಸ, ಹಂಸ, ಮತ್ತೆ ಹಂಸ.
ಬೊಕ್ಕಪಟ್ಣದಲ್ಲಿ ಹಂಸ ಯಾರು ಕಂಡದ್ದು ಮಾರಾಯ್ರೆ?
ಬಂದರಿನ ಮೇಲೆ ರೆಕ್ಕೆ ಬಡಿಯದೆ ಸುತ್ತುವ,
ಬೂತಾಯಿ ಬುಟ್ಟಿಗೆ ಕಣ್ಣಿಟ್ಟ
ಗರುಡನನ್ನಾದರೂ ಬರೆಯಬಾರದಿತ್ತೇ?
ನಾಲ್ವರು ಜಾಗ ಖಾಲಿ ಬಿಟ್ಟಿದ್ದಾರೆ, ಪ್ರಾಮಾಣಿಕರು.
ಉಳಿದವನು ಧನ್ವಿತ್ ಕರ್ಕೇರ. ಅವನದು ಎರಡು ವಾಕ್ಯ:
‘ಮೈ ಫಾದರ್ ಆಫ್ ದಿ ಇಂಜಿನ್.
ದೆನ್ ಬೋಟ್ ಗ್ಲೈಡ್.’

ಕೆಂಪು ಪೆನ್ನು ಮುಚ್ಚಳ ತೆಗೆದುಕೊಂಡೇ ಕೂತಿತ್ತು.

ಪಾಠ ಮಾಡಿದವಳು ನಾನೇ.
ಸ್ಲಿಪ್ ಅಂದರೆ ಮೀನು ಮಾರ್ಕೆಟಿನ ನೆಲ, ಅಂದಿದ್ದೆ.
ಸ್ಲೈಡ್ ಅಂದರೆ ಕದ್ರಿ ಪಾರ್ಕಿನ ಜಾರುಬಂಡೆ,
ಚಡ್ಡಿ ಸವೆಯುತ್ತದಲ್ಲ, ಅದು.
ಗ್ಲೈಡ್‌ಗೆ ಬಂದಾಗ ಚಾಕ್‌ಪೀಸು ನಿಂತಿತು.
ಜಾರು ಅಂದರೆ ಅದರೊಳಗೆ ಬೀಳುವ ಹೆದರಿಕೆ ಉಂಟು,
ತೇಲು ಅಂದರೆ ಎಲ್ಲಿಗೂ ಹೋಗಬೇಕೆಂದಿಲ್ಲ,
ಸಾಗು ಅಂದರೆ ಸ್ವಾತಂತ್ರ್ಯ ದಿನದ ಭಾಷಣ.
ಕೊನೆಗೆ ಗಾಳಿಯಲ್ಲಿ ಅಂಗೈ ಹಾಯಿಸಿ ತೋರಿಸಿದೆ, ಹೀಗೆ.
ಅಂಗೈ ಕಿಟಕಿಯವರೆಗೆ ಹೋಯಿತು, ಅರ್ಥ ಹೋಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಕನ್ನಡದ ಹೊಳ್ಳರು
ಫ್ಲಾಸ್ಕಿನ ಮುಚ್ಚಳಕ್ಕೆ ಚಾ ಬಗ್ಗಿಸುತ್ತ ಕೇಳಿದರು,
‘ನಿಮ್ಮ ಇಂಗ್ಲಿಷಿನವರು ಯಕಾರಕ್ಕೂ ಗ್ಲೈಡ್ ಅನ್ನುತ್ತಾರಂತೆ, ಹೌದಾ ಟೀಚರ್?
ನೋಡಿ, ಹೊಳೆ ಒಂದು ದಡ, ಅಲ್ಲಿ ಇನ್ನೊಂದು.
ಎ ಎದುರು ಅ ನಿಂತರೆ ಬಾಯಿ ಎಡವುತ್ತದೆ.
ಆಗ ಯಾರೂ ಕರೆಯದ ಒಂದು ಯ ಬಂದು
ದಾಟಿಸಿಬಿಡುತ್ತದೆ. ಹೊಳೆಯಲ್ಲಿ.
ಟಿಕೆಟೂ ಕೇಳುವುದಿಲ್ಲ!’
ತಮ್ಮ ಮಾತಿಗೆ ತಾವೇ ನಕ್ಕರು.
ಚಾ ಚೆಲ್ಲಿತು, ಧನ್ವಿತನ ಪೇಪರಿನ ಅಂಚಿಗೆ.

ಹೊಳೆಯಲ್ಲಿ, ಮನೆಯಿಂದ, ಕೆರೆಯಾಚೆ, ತಾಯಿಯೂ.
ಐವತ್ತೊಂಬತ್ತು ವರ್ಷ ನನ್ನ ನಾಲಗೆ
ಈ ಕೆಲಸ ಮಾಡುತ್ತಲೇ ಇತ್ತು, ನನಗೆ ತಿಳಿಸದೆ.

ಸಂಜೆ ಮನೆ ಕಡೆಯ ಬಸ್ಸು ಬಿಟ್ಟೆ.
ಸುಲ್ತಾನ್ ಬತ್ತೇರಿಯ ಕಡವಿನಲ್ಲಿ
ತಣ್ಣೀರುಬಾವಿಗೆ ಹೊರಟ ಬೋಟು.
‘ಬಲೆ, ಬೇಗ ಕುಲ್ಲುಲೆ,’ ಟಿಕೆಟಿನ ಹುಡುಗ.
ಮರುವಾಯಿ ಚೀಲ, ಎರಡು ಸ್ಕೂಟರು,
ಫೋಟೋ ತೆಗೆಸಲು ಹೊರಟ ಒಂದು ನಿಶ್ಚಿತಾರ್ಥದ ಜೋಡಿ.
ಇಂಜಿನಿನ ಹತ್ತಿರ ಬನಿಯನ್ನಿನ ಮೇಲೆ ಖಾಕಿ ತೊಟ್ಟವನು,
ಧನ್ವಿತನದೇ ಕಿವಿ, ಆಚೆ ಈಚೆ ನೋಡುವವನಲ್ಲ.
ಫಲ್ಗುಣಿ ಇಳಿತದಲ್ಲಿತ್ತು.
ಡೀಸೆಲಿನ ಗದ್ದಲದಲ್ಲಿ
ಮಾತು ಯಾರದು ಯಾರಿಗೂ ಕೇಳುತ್ತಿರಲಿಲ್ಲ.

ದಡಕ್ಕೆ ಇನ್ನೂ ಮೂರು ಬೋಟುದ್ದ ಇರುವಾಗ
ಅವನು ಬಗ್ಗಿ ಏನೋ ತಿರುಗಿಸಿದ.
ಶಬ್ದ ಬಿತ್ತು. ವೇಗ ಬೀಳಲಿಲ್ಲ.
ಫೋನಿನಲ್ಲಿ ಕಿರುಚುತ್ತಿದ್ದ ಹೆಂಗಸಿನ
‘ಅಕ್ಕಿ ನೆನೆ ಹಾಕು!’
ಇಡೀ ಹೊಳೆಗೆ ಕೇಳಿಸಿ, ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು.
ಆಮೇಲೆ ಯಾರೂ ಮಾತಾಡಲಿಲ್ಲ.
ತಳ್ಳುವವರಿಲ್ಲ, ಎಳೆಯುವವರಿಲ್ಲ,
ಆಗಲೇ ಉರಿದುಹೋದ ಎಣ್ಣೆಯ ಬಲದಲ್ಲಿ
ಇಷ್ಟು ಜನ, ಎರಡು ಸ್ಕೂಟರು, ನಾನು.
ಬದಿಯ ನೀರು ಸೀರೆಯ ನಿರಿಗೆ ಬಿಡಿಸಿದ ಹಾಗೆ.
ಮಾರ್ಚಿಗೆ ನನಗೆ ಅರವತ್ತು.
ಜೆಟ್ಟಿಯ ಟೈರಿಗೆ ತಾಗಿದ್ದು
ಜನ ಏಳುವವರೆಗೆ ಗೊತ್ತಾಗಲಿಲ್ಲ.

ಮಂಗಳವಾರ ಪೇಪರು ಹಂಚಿದೆ. ಎರಡಕ್ಕೆ ಒಂದೂವರೆ.
ಹಂಸಗಳಿಗೆಲ್ಲ ಪೂರ್ತಿ ಎರಡು, ಏನು ಮಾಡುವುದು,
ವ್ಯಾಕರಣ ಸರಿಯಿತ್ತು.
ಧನ್ವಿತ್ ಮೇಜಿನವರೆಗೆ ಬಂದ.
‘ಅರ್ಧ ಎಲ್ಲಿ ಹೋಯ್ತು ಟೀಚರ್?’
‘ಎಸ್ ಇಲ್ಲ ಮಾರಾಯ. ಬೋಟ್ ಒಂದೇ ಅಲ್ವಾ, ಗ್ಲೈಡ್ಸ್ ಆಗ್ಬೇಕು.’
‘ಆಫ್ ದಿ ಇಂಜಿನ್‌ಗೆ?’
‘ಅದನ್ನು ನಾನು ನೋಡಲಿಲ್ಲ.’

ಅವನು ನನ್ನ ಕೆಂಪು ಪೆನ್ನನ್ನೇ ಎತ್ತಿಕೊಂಡು
ಚಾ ಕಲೆಯ ಪಕ್ಕ ಒಂದು ಎಸ್ ಸೇರಿಸಿದ.
ಉದ್ದ ಬಾಲದ್ದು, ಗೆರೆ ದಾಟಿ ಅಂಚಿನವರೆಗೆ ಹೋದದ್ದು,
ಬೋಟು ಹೋದ ಮೇಲೆ ಹಿಂದೆ
ನೀರು ಸ್ವಲ್ಪ ಹೊತ್ತು ಇರುತ್ತದಲ್ಲ, ಹಾಗೆ.